ಕಬ್ಬಿನ ಗಾಡಿಗಳ ಹಾಜರಿ

೯-೧೧-೧೯೯೭, ಭಾನುವಾರ
ಪಾಂಡವಪುರ

ಅಳಿಯನ ಅಕ್ಕ ಕುಳ್ಳಮ್ಮನವರು ಇಂದು ಆಸ್ಪತ್ರೆಯ ವಾರ್ಡಿನಲ್ಲಿ ನಿಂತು, ಅಕ್ಕಪಕ್ಕದ ಹಾಸಿಗೆಯವರಿಗೂ ಕೇಳಿಸುವಂತೆ ಹೇಳಿದ ವೃತ್ತಾಂತ ಇದು: "ಓಡ್ತಾ ಇರೋ ಕಾರ್ ಬಾಗ್ಲು ತಗ್ದು ನೆಗ್ಯಕ್ಕೋಯ್ತು ಕಣಪ್ಪ ನಿನ್ ಮಗ. ನಾನೇ ರಟ್ಟೆ ಹಿಡ್ದು ಎಳ್ಕಂಡೆ. ಇಲ್ದಿದ್ರೆ ಇವತ್ತು ಏನಾಗೋಗೋದೋ!"

ಇದರಲ್ಲಿ ಮೂರು ತಪ್ಪುಗಳಿವೆ. ಒಂದು, ಕಾರು ಓಡುತ್ತಿರಲಿಲ್ಲ. ಎದುರಿನಿಂದ ಬಂದ ಕಬ್ಬಿನ ಟ್ರಾಕ್ಟರಿಗೆ ದಾರಿ ಬಿಡಲೆಂದು ಡ್ರೈವರ್ ಚಿಕ್ಕಮಾದಯ್ಯ ಜಕ್ಕನಹಳ್ಳಿಯ ಹತ್ತಿರ ಅದನ್ನು ರಸ್ತೆಯಂಚಿಗೆ ಇಳಿಸಿ ನಿಲ್ಲಿಸಿದ್ದ. ಎರಡು, ಮಗು ನೆಗೆಯಲು ಹೋಗಲಿಲ್ಲ. ಟ್ರಾಕ್ಟರಿನಿಂದ ತಪ್ಪಿಸಿಕೊಂಡು ಓಡಲು ಹೋಯಿತು. ಇವೆರಡೂ ಒಂದೇ ಅಲ್ಲ. ಮೂರು, ರಟ್ಟೆ ಹಿಡಿದವಳು ನಾನು. ಕುಳ್ಳಮ್ಮನವರು ಮುಂದಿನ ಸೀಟಿನಲ್ಲಿ ಕುಳಿತು ಎಲೆಗೆ ಸುಣ್ಣ ಸವರುತ್ತಿದ್ದರು.

ಬಾಗಿಲು ತೆರೆದದ್ದು ಮಾತ್ರ ನಿಜ.

ಮುಂದೆ ಯಾರಾದರೂ ತಿರುಚಿ ಹೇಳಿದರೆ ನನಗೊಂದು ಆಧಾರವಿರಲೆಂದು ಆದದ್ದನ್ನು ಆದಂತೆಯೇ ಬರೆದಿಡುತ್ತೇನೆ. ಅಕ್ಟೋಬರ್ ಮೊದಲ ವಾರದಲ್ಲಿ ಅಳಿಯ ಶಂಕರ್, ನನ್ನ ಮಗಳು ಸಹನ ಮತ್ತು ಆರು ವರ್ಷದ ಮಧು ಸ್ಕೂಟರಿನಲ್ಲಿ ಬರುತ್ತಿದ್ದಾಗ, ಮುಂದೆ ಹೋಗುತ್ತಿದ್ದ ಟ್ರಾಕ್ಟರಿನಿಂದ ಕಬ್ಬಿನ ಕಂತೆಗಳು ಜಾರಿ ರಸ್ತೆಗೆ ಬಿದ್ದವು. ಸ್ಕೂಟರು ಉರುಳಿತು. ಶಂಕರನಿಗೆ ತರಚಿದ ಗಾಯವಾಯಿತು. ಸ್ಕೂಟರಿನಲ್ಲಿ ಅಪ್ಪನ ಮುಂದೆ ನಿಂತಿದ್ದ ಮಧುವಿಗೆ ಏನೂ ಆಗಲಿಲ್ಲ. ಸಹನಳ ತೊಡೆಯ ಮೂಳೆ ಮುರಿಯಿತು. ಆದಿಚುಂಚನಗಿರಿಯ ಆಸ್ಪತ್ರೆಯಲ್ಲಿ ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದಾರೆ; ಶಂಕರ್ ರಜೆ ಹಾಕಿ ಅಲ್ಲಿಯೇ ಇದ್ದಾನೆ. ನಾನು ಶ್ರೀರಂಗಪಟ್ಟಣದ ನನ್ನ ಮನೆಗೆ ಬೀಗ ಹಾಕಿ, ಮಧುವನ್ನೂ ಅವನ ಅಕ್ಕ ಒಂಬತ್ತು ವರ್ಷದ ರಂಜಿತಳನ್ನೂ ನೋಡಿಕೊಳ್ಳಲು ಪಾಂಡವಪುರಕ್ಕೆ ಬಂದಿದ್ದೇನೆ. ಭಾನುವಾರಗಳಲ್ಲಿ ಕುಳ್ಳಮ್ಮನವರು ಕಿಕ್ಕೇರಿಯಿಂದ ತಮ್ಮ ಅಂಬಾಸಡರ್ ಕಾರಿನಲ್ಲಿ ಸುತ್ತಿಕೊಂಡು ಬಂದು ನಮ್ಮನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಉಪಕಾರ ದೊಡ್ಡದು. ಅದನ್ನು ಮರೆಯಲು ಅವರು ಬಿಡುವುದಿಲ್ಲ ಎಂಬುದೂ ನಿಜ.

ಮಧು ಮನೆಯಲ್ಲಿ ಆಡಿಕೊಂಡಿರುತ್ತಾನೆ. ಕಾರು ಹತ್ತಿದೊಡನೆ ಬಾಯಿ ಮುಚ್ಚುತ್ತಾನೆ. ಕಬ್ಬಿನ ಟ್ರಾಕ್ಟರು ಕಂಡರೆ ಚೀರುತ್ತಾನೆ. ಇದು ಕಾರ್ಖಾನೆಗೆ ಕಬ್ಬು ಸಾಗಿಸುವ ಕಾಲ. ಈ ರಸ್ತೆಯಲ್ಲಿ ಅವು ಕಾಣದ ಗಳಿಗೆಯಿಲ್ಲ.

"ಮಕ್ಕಳ್ನ ಕಿಕ್ಕೇರಿಗೆ ಕಳ್ಸಿ ಟೀಚರಮ್ಮ" ಎಂದರು ಕುಳ್ಳಮ್ಮನವರು. "ನಮ್ಮೂರಲ್ಲೂ ಇಸ್ಕೂಲದೆ. ಅವ್ರವ್ವ ಎದ್ದು ಓಡಾಡೋಗಂಟ ಅಲ್ಲೇ ಇರ್ಲಿ. ಈ ಮಗೀನ ಇನ್ ಕಾರಿಗೆ ಅತ್ಸದು ಬ್ಯಾಡ."

"ನಾನು ಅವರನ್ನ ನೋಡೋದು ಯಾವಾಗ ಅತ್ತಿಗೆ?" ಎಂದಳು ಸಹನ.

"ಮೂಳೆ ಕೂಡ್ಕಂಡ್ ಮ್ಯಾಲೆ ನೋಡುದ್ರಾಯ್ತು ಬುಡವ್ವ."

ಸಹನ ಗೋಡೆಯ ಕಡೆ ಮುಖ ತಿರುಗಿಸಿದಳು. ಅಲುಗಾಡದೆ ಮಲಗಿದವರ ಕಣ್ಣೀರು ಕಿವಿಗೆ ಇಳಿಯುತ್ತದೆ. ಶಂಕರ್ ಅಕ್ಕನ ಎದುರಿಗೆ ಮಾತನಾಡುವವನಲ್ಲ; ನೆಲ ನೋಡಿದ.

ನಾನು ಹೇಳಿದೆ: "ಕುಳ್ಳಮ್ಮನವರೇ, ದಾರಿಯಲ್ಲಿ ಮಗುವನ್ನು ನಾನು ಸಂಭಾಳಿಸುತ್ತೇನೆ. ಅವನು ಇನ್ನೊಮ್ಮೆ ಬಾಗಿಲಿಗೆ ಕೈಹಾಕಿದರೆ, ನಾನೇ ಅವನ ಬಟ್ಟೆ ಗಂಟು ಕಟ್ಟಿ ಕಿಕ್ಕೇರಿಗೆ ಕಳಿಸುತ್ತೇನೆ."

"ಆಯ್ತು. ಕಾರೂ ನಂದೇ, ಕಣ್ಣೂ ನಂದೇ. ನೋಡ್ತೀನಿ."

ಮೂವತ್ತೆರಡು ವರ್ಷ ತರಗತಿ ನಡೆಸಿದವಳಿಗೆ ಕಾರಿನ ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಳ್ಳುವುದು ಕಷ್ಟವಾಗಬಾರದು.

೧೩-೧೧-೧೯೯೭, ಗುರುವಾರ

ಭಾನುವಾರದ ಪ್ರಯಾಣಕ್ಕೆ ವೇಳಾಪಟ್ಟಿ ಸಿದ್ಧಪಡಿಸಿದೆ. ಪಾಂಡವಪುರದಿಂದ ಜಕ್ಕನಹಳ್ಳಿಯವರೆಗೆ ಮಗ್ಗಿ. ಜಕ್ಕನಹಳ್ಳಿಯಿಂದ ನಾಗಮಂಗಲದವರೆಗೆ ಜಿಲ್ಲೆ ಮತ್ತು ತಾಲ್ಲೂಕುಗಳ ಹೆಸರು. ನಾಗಮಂಗಲದಿಂದ ಮುಂದೆ ಶುದ್ಧ ಉಚ್ಚಾರಣೆ. ಬಿಡುವಿಲ್ಲದ ಮನಸ್ಸಿಗೆ ಹೆದರಲು ಪುರಸೊತ್ತಿರುವುದಿಲ್ಲ.

೧೬-೧೧-೧೯೯೭, ಭಾನುವಾರ

ವೇಳಾಪಟ್ಟಿ ನಡೆಯಲಿಲ್ಲ.

ಹೊರಟ ಸ್ವಲ್ಪ ಹೊತ್ತಿಗೆ ಮಧು ಕುಂತಿಬೆಟ್ಟದ ಕಡೆ ಕೈತೋರಿಸಿ, "ಅಜ್ಜಿ, ಅದ್ರ ಮೇಲೆ ಏನೈತೆ?" ಎಂದ. "ಏನಿದೆ" ಎಂದು ತಿದ್ದಿದೆ. ತಿದ್ದುವುದನ್ನು ಮುಂದೂಡಬಾರದು ಎಂಬುದು ನನ್ನ ನಿಯಮ. ಅವನು ಮತ್ತೆ ಏನನ್ನೂ ಕೇಳಲಿಲ್ಲ. ಮಗ್ಗಿಯನ್ನು ರಂಜಿತ ಒಬ್ಬಳೇ ಒಪ್ಪಿಸಿದಳು. ಏಳರ ಮಗ್ಗಿಯ ನಡುವೆ ಟ್ರಾಕ್ಟರು ಎದುರಾಯಿತು. ಮಧು ಚೀರಿ, ಸೀಟಿನ ಕೆಳಗಿನ ಜಾಗಕ್ಕೆ ಇಳಿದು, ನನ್ನ ಸೀರೆಯ ನೆರಿಗೆಯಲ್ಲಿ ತಲೆ ಹುದುಗಿಸಿದ. ಚಿಕ್ಕಮಾದಯ್ಯ ಗಾಬರಿಯಿಂದ ಸಿನಿಮಾ ಹಾಡಿನ ಕ್ಯಾಸೆಟ್ಟನ್ನು ಜೋರಾಗಿ ಹಾಕಿದ. ಚೀರಾಟ, ಹಾಡು, ರಂಜಿತಳ "ಏಳೆಂಟ್ಲ ಐವತ್ತಾರು" ಎಲ್ಲವೂ ಒಟ್ಟಿಗೆ.

"ಏನ್ ಟೀಚರಮ್ಮ, ಇಸ್ಕೂಲು ಬೋ ಜೋರಾಗ್ ನಡೀತಾದೆ!" ಎಂದರು ಕುಳ್ಳಮ್ಮನವರು, ತಿರುಗಿಯೂ ನೋಡದೆ.

ಆದರೆ ಮಧು ಬಾಗಿಲಿಗೆ ಕೈಹಾಕಲಿಲ್ಲ. ಅದನ್ನು ಅವರೂ ಒಪ್ಪಿಕೊಂಡರು. "ಸರಿ, ಇನ್ನೊಂದ್ ವಾರ ನೋಡನ."

೧೯-೧೧-೧೯೯೭, ಬುಧವಾರ

ಬಟ್ಟೆ ಒಯ್ಯಲು ಬಂದಿದ್ದ ಶಂಕರ್ ಅಂಗೈಯಗಲದ ಒಂದು ವಿಡಿಯೋ ಗೇಮ್ ಕೊಟ್ಟುಹೋದ. ಮೈಸೂರಿನಲ್ಲಿ ಕೊಂಡನಂತೆ. ಚಿಕ್ಕದೊಂದು ಪರದೆ, ಅದರೊಳಗೆ ಮೇಲಿನಿಂದ ಇಟ್ಟಿಗೆಗಳು ಬೀಳುತ್ತವೆ; ಬಿದ್ದದ್ದನ್ನು ಸಾಲಾಗಿ ಜೋಡಿಸಬೇಕು. ಜೊತೆಗೆ ಕೀಂ ಕೀಂ ಎಂಬ ಸದ್ದು.

"ದಾರೀಲಿ ಇದನ್ನ ಕೊಟ್ಟುಬಿಡಿ ಅತ್ತೆ, ತಲೆ ಎತ್ತಲ್ಲ" ಎಂದ.

ನನಗೆ ಒಪ್ಪಿಗೆಯಿಲ್ಲ. ಆದರೆ ಪಣಕ್ಕಿರುವುದು ನನ್ನ ಅಭಿಪ್ರಾಯವಲ್ಲ, ಮಕ್ಕಳು ತಾಯಿಯನ್ನು ನೋಡುವುದು. ಪ್ರಯೋಗಿಸುವೆ.

೨೩-೧೧-೧೯೯೭, ಭಾನುವಾರ

ಮಧು ದಾರಿಯುದ್ದಕ್ಕೂ ತಲೆ ಎತ್ತಲಿಲ್ಲ. ಎಷ್ಟೋ ಟ್ರಾಕ್ಟರುಗಳು ಹಾದುಹೋದವು, ಒಂದನ್ನೂ ನೋಡಲಿಲ್ಲ. ಕುಳ್ಳಮ್ಮನವರು ಬಹಳ ಸಂತೋಷಪಟ್ಟರು: "ಮೊದ್ಲೇ ಇದ್ನ ಕೊಟ್ಟಿದ್ರೆ ಆಯ್ತಿತ್ತಲ್ಲ, ಅದ್ಯಾಕ್ ಮಗ್ಗಿಗಿಗ್ಗಿ ಅಂತ ಸಾಯ್ತಿದ್ರಿ?" ನಾಗಮಂಗಲ ದಾಟಿದ ಮೇಲೆ ವಾಂತಿ ಮಾಡಿಕೊಂಡ. ಕಾರು ನಿಲ್ಲಿಸಿ ಬಾಯಿ ತೊಳೆಸಿದೆ. ಒಂದು ಕೈಯಲ್ಲಿ ಗೇಮ್ ಹಿಡಿದೇ ಇದ್ದ.

ವಾರ್ಡಿನಲ್ಲಿ ತಾಯಿಯ ಹಾಸಿಗೆಯ ಪಕ್ಕ ಕುಳಿತೂ ತಲೆ ಎತ್ತಲಿಲ್ಲ. "ಮಧು" ಎಂದಳು ಸಹನ. "ಮಧು ಕಂದ." ಕೀಂ ಕೀಂ. ಮೂರನೆಯ ಸಲ ಅವಳು ಕರೆಯಲಿಲ್ಲ. ಅವನ ಕೂದಲನ್ನು ಸವರುತ್ತ ಮಲಗಿದ್ದಳು, ಸಂದರ್ಶಕರ ವೇಳೆ ಮುಗಿಯಿತೆಂದು ನರ್ಸ್ ಬಂದು ಹೇಳುವವರೆಗೆ.

ಗೇಮನ್ನು ಅಕ್ಕಿಯ ಡಬ್ಬದ ತಳದಲ್ಲಿಟ್ಟಿದ್ದೇನೆ. ಶಂಕರ್ ಕೇಳಿದರೆ ಸತ್ಯವನ್ನೇ ಹೇಳುತ್ತೇನೆ. ಚೀರಿದರೂ ಸರಿ, ಮಗು ಕಣ್ಣು ಬಿಟ್ಟುಕೊಂಡು ತಾಯಿಯ ಬಳಿಗೆ ಹೋಗಬೇಕು.

೩೦-೧೧-೧೯೯೭, ಭಾನುವಾರ

ಇಂದಿನದನ್ನು ಕ್ರಮವಾಗಿ ಬರೆಯಬೇಕು.

ಗೇಮ್ ಇಲ್ಲವೆಂದು ಮಧು ಮುಖ ಊದಿಸಿಕೊಂಡಿದ್ದ. ನಾನು ಮಗ್ಗಿ ಆರಂಭಿಸುವುದರೊಳಗೆ ರಂಜಿತ, ಬಹುಶಃ ಮಗ್ಗಿಯಿಂದ ತಪ್ಪಿಸಿಕೊಳ್ಳಲು, "ಅಜ್ಜಿ, ನಿಮ್ಮ ಸ್ಕೂಲಲ್ಲಿ ಹಾಜರಿ ಹೆಂಗೆ ಕರೀತಿದ್ರಿ?" ಎಂದಳು. ಗಂಜಾಮಿನ ಶಾಲೆಯಲ್ಲಿ ನಾನು ಮೊದಲು ತೆಗೆದುಕೊಂಡ ಮೂರನೆಯ ತರಗತಿಯ ಹೆಸರುಗಳು ನನಗೆ ಇನ್ನೂ ಬಾಯಿಪಾಠವಿವೆ. ಬೆನ್ನು ನೆಟ್ಟಗೆ ಮಾಡಿಕೊಂಡು ಕರೆದೆ.

"ಚಿಕ್ಕಸ್ವಾಮಿ."

"ಹಾಜರು ಮೇಡಂ" ಎಂದಳು ರಂಜಿತ.

"ಕುಳ್ಳಯ್ಯ."

"ಹಾಜರು ಮೇಡಂ."

"ಮಂಚಯ್ಯ."

ಅದೇ ಗಳಿಗೆಗೆ ತಿರುವಿನಿಂದ ಟ್ರಾಕ್ಟರು ಕಾಣಿಸಿಕೊಂಡಿತು. ಕಬ್ಬನ್ನು ಎರಡಾಳೆತ್ತರಕ್ಕೆ ಹೇರಿದ್ದರು. ಸೋಗೆಗಳು ಎರಡೂ ಬದಿ ಜೋತಾಡುತ್ತಿದ್ದವು. ಮಧು ಬಾಯಿ ತೆರೆದದ್ದನ್ನು ನೋಡಿದೆ. ಕೈ ಚಾಚಿ ಅವನ ತೋಳು ಹಿಡಿದುಕೊಂಡೆ.

ಮುಂದಿನ ಸೀಟಿನಿಂದ ಕುಳ್ಳಮ್ಮನವರು ಎಲೆಯಡಿಕೆ ಅಗಿಯುತ್ತ ಹೇಳಿದರು: "ಅಗೋ, ಬಂದ ನೋಡಿ ನಿಮ್ ಮಂಚಯ್ಯ. ಲೇಟು!"

ಮಧುವಿನ ಬಾಯಿ ತೆರೆದೇ ಇತ್ತು, ಕೂಗು ಹೊರಡಲಿಲ್ಲ. ಟ್ರಾಕ್ಟರನ್ನು ನೋಡಿದ. ನನ್ನನ್ನು ನೋಡಿದ.

"ಅವ್ನ್ಯಾಕೆ ಲೇಟು?"

ಕುಂತಿಬೆಟ್ಟದ ಪ್ರಶ್ನೆಯ ನಂತರ ಕಾರಿನಲ್ಲಿ ಅವನು ಆಡಿದ ಮೊದಲ ಮಾತು ಅದು. ತಿದ್ದಲು ಸಮಯವಿರಲಿಲ್ಲ.

"ತಲೆ ಬಾಚಿಕೊಂಡಿಲ್ಲ, ನೋಡು" ಎಂದೆ. "ಅದಕ್ಕೇ ಲೇಟು."

ಮಧು ಜೋತಾಡುವ ಸೋಗೆಗಳನ್ನು ಪರಿಶೀಲಿಸಿದ. ನನ್ನ ತೋಳನ್ನು ಉಗುರು ಊರುವಂತೆ ಹಿಡಿದಿದ್ದರೂ, ಪರಿಶೀಲಿಸಿದ. ಟ್ರಾಕ್ಟರು ಹಾದುಹೋಯಿತು.

"ನಾಳೆ ಬಾಚ್ಕೊಂಡು ಬರ್ಬೇಕು" ಎಂದ, ಬಹಳ ಮೆಲ್ಲಗೆ.

"ಜೋರಾಗ್ ಯೋಳ್ಲಾ, ಅವನ್ಗೆ ಕಿವಿ ಮಂದ" ಎಂದ ಚಿಕ್ಕಮಾದಯ್ಯ.

ನಾಗಮಂಗಲ ತಲುಪುವ ಹೊತ್ತಿಗೆ ನನ್ನ ಮೂರನೆಯ ತರಗತಿಯ ಅರ್ಧ ಭಾಗ ರಸ್ತೆಯ ಮೇಲಿತ್ತು. ಒಬ್ಬ ಹೊಗೆ ಬಿಡುತ್ತಾನೆ, ಹೊರಗೆ ನಿಲ್ಲಬೇಕು. ಒಬ್ಬ ಪದೇ ಪದೇ ಹಾರ್ನ್ ಬಾರಿಸುತ್ತಾನೆ, ಅವನು ವಾಚಾಳಿ. ಎತ್ತಿನ ಗಾಡಿಗಳು ಒಂದನೆಯ ತರಗತಿಯ ಮಕ್ಕಳು, ಅವರನ್ನು ಗದರಿಸಬಾರದು. ಇದು ಮಧುವಿನದೇ ತೀರ್ಪು. ಪ್ರತಿ ಟ್ರಾಕ್ಟರಿಗೂ ಅವನ ಮೈ ಬಿಗಿಯುತ್ತಿತ್ತು. ಆದರೂ ಕಣ್ಣು ಮುಚ್ಚಲಿಲ್ಲ. ಅವನನ್ನು ಮಾನಿಟರ್ ಮಾಡಿದ್ದೇನೆ.

ವಾರ್ಡಿನಲ್ಲಿ ತಾಯಿಗೆ ಎಲ್ಲವನ್ನೂ ಹೇಳಿದ. ಸಹನ ನಕ್ಕಳು. ಕಾಲಿಗೆ ಕಟ್ಟಿದ ತೂಕ ಅಲ್ಲಾಡುವಷ್ಟು.

೪-೧೨-೧೯೯೭, ಗುರುವಾರ

ಊಟಕ್ಕೆ ಮುಂಚೆ ಹಾಜರಿ ಕರೆಯಬೇಕೆಂದು ಮಧುವಿನ ಹಟ. ಮುದ್ದೆಯನ್ನೂ ಕರೆದ. "ಹಾಜರು ಸಾ" ಎಂದು ಮುದ್ದೆಯ ಪರವಾಗಿ ನಾನು ಹೇಳಬೇಕಾಯಿತು.

೭-೧೨-೧೯೯೭, ಭಾನುವಾರ

ಹೋಗುವಾಗ ಜಕ್ಕನಹಳ್ಳಿಯ ಮುಂದೆ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಕಬ್ಬಿನ ಟ್ರಾಕ್ಟರೊಂದರ ಟ್ರೈಲರಿನ ಗಾಲಿ ಪಂಕ್ಚರ್ ಆಗಿತ್ತು. ಸಾಲಿನಲ್ಲಿ ಸರಿಯುತ್ತ ಸರಿಯುತ್ತ ನಮ್ಮ ಕಾರು ಸರಿಯಾಗಿ ಅದರ ಹಿಂದೆಯೇ ಬಂದು ನಿಂತಿತು. ಹೇರಿದ ಕಬ್ಬು ಒಂದು ಕಡೆಗೆ ವಾಲಿಕೊಂಡಿತ್ತು. ಹಾದುಹೋಗುವ ಟ್ರಾಕ್ಟರಿಗೆ ಹೆಸರಿಡುವುದು ಬೇರೆ, ನಿಂತ ಟ್ರಾಕ್ಟರಿನ ಬುಡದಲ್ಲಿ ಕುಳಿತಿರುವುದು ಬೇರೆ. ಮಧುವಿನ ತುಟಿ ಬಿಳಿಚಿಕೊಂಡಿತು. ಕೈ ಬಾಗಿಲ ಕಡೆಗೆ ಹೊರಟಿತು. ಕುಳ್ಳಮ್ಮನವರು ತಿರುಗಿ ಆ ಕೈಯನ್ನೇ ನೋಡುತ್ತಿದ್ದರು.

ನಾನು ಅದನ್ನು ಹಿಡಿಯಬಹುದಿತ್ತು. ಹಿಡಿಯಲಿಲ್ಲ. "ಮಾನಿಟರ್, ಇವನ ಹೆಸರೇನು?" ಎಂದೆ.

ಕೈ ಬಾಗಿಲನ್ನು ಬಿಟ್ಟು ಕಿಟಕಿಯ ಗಾಜು ಇಳಿಸುವ ಹಿಡಿಗೆ ಹೋಯಿತು. ಗಾಜು ಇಳಿಯಿತು. ಟ್ರಾಕ್ಟರಿನ ಚಾಲಕ ಪಕ್ಕದಲ್ಲಿಯೇ ಕುಕ್ಕರಗಾಲಿನಲ್ಲಿ ಕುಳಿತು ಬೀಡಿ ಸೇದುತ್ತಿದ್ದ.

"ನಿನ್ನ ಹೆಸರೇನು?" ಎಂದ ಮಧು.

"ಯಾಕ್ಲಾ ನನ್ ಹೆಸ್ರು?"

"ಏಯ್, ಎದ್ದು ನಿಂತ್ಕಂಡು ಯೋಳಪ್ಪ" ಎಂದರು ಕುಳ್ಳಮ್ಮನವರು. "ಮಾನಿಟ್ರು ಕೇಳ್ತಾವ್ರೆ."

ಅವನು ಕಾರಿನೊಳಗೆ ಇಣುಕಿ ನಮ್ಮೆಲ್ಲರ ಮುಖ ನೋಡಿದ. ಏನು ತಿಳಿದುಕೊಂಡನೋ, ಬೀಡಿ ಎಸೆದು ಎದ್ದು ನಿಂತ. "ಚಿಕ್ಕಯ್ಯ ಸಾ."

"ಆ ಹೆಸರು ಹಾಜರೀಲಿ ಇಲ್ಲ."

"ಹೊಸ್ದಾಗ್ ಸೇರ್ಕಂಡಿವ್ನಿ ಸಾ. ಬರ್ಕಳಿ."

ಮಧು ಸ್ವಲ್ಪ ಹೊತ್ತು ವಾಲಿದ ಕಬ್ಬನ್ನೇ ನೋಡಿದ. ಆಮೇಲೆ ಹೇಳಿದ: "ಅಗ್ಗ ಬಿಗಿಯಾಗಿ ಕಟ್ಟು. ಕಬ್ಬು ಬಿದ್ರೆ ನಮ್ಮಮ್ಮ ಬೀಳ್ತಾಳೆ."

ಸ್ಕೂಟರಿನಿಂದ ಬಿದ್ದ ದಿನದಿಂದ ಇಂದಿನವರೆಗೆ ಅದರ ಬಗ್ಗೆ ಅವನು ಒಂದಕ್ಷರ ಆಡಿರಲಿಲ್ಲ. ಶಂಕರ್ ಕೇಳಿದಾಗಲೂ ಇಲ್ಲ, ಡಾಕ್ಟರು ಕೇಳಿದಾಗಲೂ ಇಲ್ಲ. ಚಿಕ್ಕಯ್ಯನ ಮುಖದ ನಗು ಹೋಯಿತು. ಕಬ್ಬಿನ ಮೇಲೆ ಹಾಯಿಸಿದ್ದ ಹಗ್ಗವನ್ನು ಬಿಚ್ಚಿ, ಗಾಲಿಗೆ ಕಾಲು ಕೊಟ್ಟು ಎಳೆದು, ಮತ್ತೆ ಬಿಗಿದ. ಕೈಯಿಂದ ಜಗ್ಗಿ ತೋರಿಸಿದ.

"ಸಾಕಾ ಸಾ?"

"ಇನ್ನೊಂದ್ ಕಡೆ."

ಇನ್ನೊಂದು ಕಡೆಗೂ ಹೋಗಿ ಬಿಗಿದ.

ಗಾಲಿ ಬದಲಾಗುವವರೆಗೂ ನಾವು ಅಲ್ಲಿಯೇ ಇದ್ದೆವು. ಮಧು ನನ್ನ ತೊಡೆಯ ಮೇಲೆ ತಲೆಯಿಟ್ಟು, ನಿಂತ ಟ್ರಾಕ್ಟರಿನ ಎದುರಿಗೇ, ನಿದ್ದೆ ಹೋದ. ಕುಳ್ಳಮ್ಮನವರು ಮುಂದಕ್ಕೆ ತಿರುಗಿ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಂಡರು. ಕೊನೆಗೆ, "ಕಿಕ್ಕೇರಿ ಮಾತು ಬುಡಿ ಟೀಚರಮ್ಮ" ಎಂದರು.

ವಾರ್ಡಿನಲ್ಲಿ ಅವರು ಹೇಳಿದ ಈ ಪ್ರಸಂಗದಲ್ಲಿ ಚಿಕ್ಕಯ್ಯ ಕಿವಿ ಹಿಡಿದು ಬಸ್ಕಿ ಹೊಡೆದ, ಹಿಂದಿನ ಬಸ್ಸಿನವರೆಲ್ಲ ಇಳಿದು ಚಪ್ಪಾಳೆ ತಟ್ಟಿದರು. ಕೇಳುವವರಿಗೆ ಬಹಳ ಇಷ್ಟವಾಯಿತು. ಚೆನ್ನಾಗಿ ಹೇಳುತ್ತಾರೆ.

೨೧-೧೨-೧೯೯೭, ಭಾನುವಾರ

ಮೂಳೆ ಕೂಡಿದೆ. ಮುಂದಿನ ಭಾನುವಾರ ಮನೆಗೆ ಕರೆದೊಯ್ಯಬಹುದಂತೆ. ತೊಡೆಯಿಂದ ಪಾದದವರೆಗೆ ಪ್ಲಾಸ್ಟರು ಹಾಕಿದ್ದಾರೆ. ಹಿಂದಿನ ಸೀಟಿನ ಉದ್ದಕ್ಕೂ ಮಲಗಿಸಿಕೊಂಡೇ ಬರಬೇಕು.

"ಹಾಗಾದ್ರೆ ಮಕ್ಕಳು ಮನೇಲೇ ಇರಲಿ. ಜಾಗ ಇರಲ್ಲ" ಎಂದ ಶಂಕರ್. ನನಗೂ ಹಾಗೆಯೇ ಅನ್ನಿಸಿತು.

"ನಮ್ ಮಾನಿಟ್ರುನ್ ಬುಟ್ಟು ಕಾರು ಒಂಟ್ರೆ ನಾನು ಅತ್ತಾಕಿಲ್ಲ" ಎಂದರು ಕುಳ್ಳಮ್ಮನವರು. ಶಂಕರ್ ನೆಲ ನೋಡಿದ.

ಹೊರಡುವ ಮುನ್ನ ಸಹನ ನನ್ನನ್ನು ಬಳಿಗೆ ಕರೆದಳು. ಕುಳಿತರೆ ಕೈ ಹಿಡಿದುಕೊಂಡು ಬಿಡಲಿಲ್ಲ.

"ಅಮ್ಮ, ಕಣ್ಮುಚ್ಚಿದ್ರೆ ಕಬ್ಬು ಬೀಳೋದೇ ಕಾಣ್ತದೆ. ಆ ರೋಡಲ್ಲಿ ನಾನ್ ಹೆಂಗಮ್ಮ ಬರ್ಲಿ? ಇಲ್ಲೇ ಇದ್ಬುಡ್ತೀನಿ ಅನ್ನಿಸ್ತದೆ."

ಇಷ್ಟು ವಾರ ಮಗುವಿನ ಭಯವನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದೆ. ಅವಳೂ ಅದೇ ರಸ್ತೆಯಲ್ಲಿ ಬಿದ್ದವಳು. "ನಾನಿದ್ದೇನೆ" ಎಂದಷ್ಟೇ ಹೇಳಿದೆ. ಸಾಲದು ಎಂದು ನನಗೂ ಗೊತ್ತು.

ಆದರೆ ಕರೆದುಕೊಂಡು ಬರಲೇಬೇಕು.

೨೮-೧೨-೧೯೯೭, ಭಾನುವಾರ

ಸಹನಳನ್ನು ಸ್ಟ್ರೆಚರಿನಿಂದ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ತಲೆಯ ಕಡೆ ಮೂಲೆಯಲ್ಲಿ ರಂಜಿತ. ಅವಳ ತೊಡೆಯೇ ದಿಂಬು. ಮುಂದೆ ಚಿಕ್ಕಮಾದಯ್ಯ, ಶಂಕರ್, ಕುಳ್ಳಮ್ಮನವರು, ಅವರ ತೊಡೆಯ ಮೇಲೆ ಹಿಂದಕ್ಕೆ ಮುಖ ಮಾಡಿ ಮಂಡಿಯೂರಿದ ಮಧು. ನಾನು ಸೀಟಿನ ಕೆಳಗಿನ ಜಾಗದಲ್ಲಿ ಕಂಬಳಿ ಮಡಿಸಿ ಹಾಕಿಕೊಂಡು, ಪ್ಲಾಸ್ಟರಿನ ಕಾಲು ಅಲುಗದಂತೆ ಹಿಡಿದು ಕುಳಿತೆ.

"ಟೀಚರಮ್ಮ ನೆಲದ್ ಮ್ಯಾಲೆ ಕುಂತವ್ರೆ" ಎಂದರು ಕುಳ್ಳಮ್ಮನವರು. "ಏನ್ ತಪ್ ಮಾಡುದ್ರಿ?"

"ಹೋಂವರ್ಕ್ ಮಾಡಿಲ್ಲ" ಎಂದೆ.

ನಾಗಮಂಗಲದವರೆಗೆ ರಸ್ತೆ ಖಾಲಿಯಿತ್ತು. ಊರು ದಾಟಿ ಸ್ವಲ್ಪ ದೂರ ಬಂದಾಗ ಮುಂದಿನಿಂದ ಆ ಸದ್ದು ಕೇಳಿಸಿತು. ಮಲಗಿದ್ದ ಸಹನಳಿಗೆ ಏನೂ ಕಾಣುತ್ತಿರಲಿಲ್ಲ, ಸದ್ದೇ ಸಾಕಾಯಿತು.

"ನಿಲ್ಸಿ! ನಿಲ್ಸಿ, ನನ್ನ ಇಳ್ಸಿಬುಡಿ!"

ಎದ್ದು ಕೂರಲು ಹೊರಟಳು. ನಾನು ಎರಡೂ ಕೈಯಿಂದ ಕಾಲು ಹಿಡಿದಿದ್ದೆ, ಅವಳನ್ನು ಹಿಡಿಯಲು ಮತ್ತೊಂದು ಕೈಯಿರಲಿಲ್ಲ. ರಂಜಿತ ಅಳಲಾರಂಭಿಸಿದಳು. ಚಿಕ್ಕಮಾದಯ್ಯ ಕಾರನ್ನು ಅಂಚಿಗೆ ಇಳಿಸಿ ನಿಲ್ಲಿಸಿದ. ಶಂಕರ್ "ಸಹನ, ಸಹನ" ಎನ್ನುತ್ತಿದ್ದ.

ಮಧು ಮುಂದಕ್ಕೆ ತಿರುಗಿ ಎದುರಿನ ಗಾಜಿನಲ್ಲಿ ಟ್ರಾಕ್ಟರನ್ನು ಪೂರ್ತಿಯಾಗಿ ನೋಡಿದ. ಆಮೇಲೆ ತಾಯಿಯ ಕಡೆ ತಿರುಗಿದ.

"ಅಮ್ಮ, ಅವ್ನು ಕುಳ್ಳಯ್ಯ. ಏನೂ ಮಾಡಾಕಿಲ್ಲ. ಅಗ್ಗ ಕಟ್ಟವ್ನೆ, ನಾನ್ ನೋಡ್ದೆ."

ಸಹನ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ತಲೆಯಲ್ಲಾಡಿಸಿದಳು.

"ಕಣ್ಣು ಬುಟ್ಟು ನೋಡ್ಬೇಕು. ಕಣ್ಮುಚ್ಕೊಂಡ್ರೆ ಗೈರುಹಾಜರಿ."

"ಬುಡು ಮಗಳೇ, ಕಣ್ಣು ಬುಡು" ಎಂದೆ ನಾನು.

ಮಧು ಸೀಟಿನ ಬೆನ್ನಿನ ಮೇಲೆ ಎರಡೂ ಕೈಯೂರಿ ನೆಟ್ಟಗಾದ. "ಹಾಜರಿ ಕರೀತೀನಿ. ಎಲ್ರೂ ಸುಮ್ನಿರಿ. ಚಿಕ್ಕಮಾದಯ್ಯ!"

"ಹಾಜರು ಸಾ."

"ಶಂಕರ್!"

ಶಂಕರ್ ಕೈಯೆತ್ತಿದ.

"ಕುಳ್ಳಮ್ಮ!"

"ಅತ್ತೇನೇ ಹೆಸ್ರಿಡ್ದು ಕರೀತೀಯೇನ್ಲಾ ತರ್ಲೆ ಮುಂಡೇದೆ! ಹಾಜರು ಸಾ, ಹಾಜರು."

"ರಂಜಿತ!"

ಅಳುತ್ತಲೇ, "ಹಾಜರು."

"ದ್ಯಾವಮ್ಮ!"

ನನ್ನನ್ನು ಹೆಸರಿನಿಂದ ಕರೆಯುವವರು ಈಗ ಯಾರೂ ಉಳಿದಿಲ್ಲ. "ಹಾಜರು ಸಾ" ಎಂದೆ.

"ಸಹನ!"

ಟ್ರಾಕ್ಟರು ಕಾರಿನ ಪಕ್ಕಕ್ಕೆ ಬಂದಿತ್ತು. ನೆರಳು ಒಳಗೆ ಬಿದ್ದು ಎಲ್ಲರ ಮುಖವೂ ಕಪ್ಪಾಯಿತು. ಸೋಗೆಗಳು ಕಿಟಕಿಯ ಗಾಜನ್ನು ಸವರಿಕೊಂಡು ಹೋಗುತ್ತಿದ್ದವು.

"ಸಹನ!" ಮಧುವಿನ ದನಿ ನಡುಗಿತು. ಆದರೂ ಕರೆದ. "ಸಹನ!"

"ಹಾಜರು" ಎಂದಳು. ಕಣ್ಣು ಬಿಟ್ಟಿದ್ದಳು. ಗಾಜಿನಾಚೆ ಸರಿಯುವ ಕಬ್ಬನ್ನು ಕೊನೆಯ ಗಾಲಿ ದಾಟುವವರೆಗೂ ನೋಡಿದಳು. ಬೆಳಕು ಮರಳಿ ಬಂತು. ಆಮೇಲೆ, "ಮಾನಿಟ್ರೇ, ನಿಮ್ಮ ಹೆಸರು ಯಾರು ಕರೀತಾರೆ?" ಎಂದಳು.

ಮಧು ಅದನ್ನು ಯೋಚಿಸಿರಲಿಲ್ಲ.

"ಮಧು" ಎಂದು ಅವಳೇ ಕರೆದಳು.

"ಹಾಜರು ಅಮ್ಮ."

ಪಾಂಡವಪುರದವರೆಗೆ ಕಂಡ ಟ್ರಾಕ್ಟರುಗಳಿಗೆಲ್ಲ ತಾಯಿ ಮಗ ಸೇರಿ ಹೆಸರಿಟ್ಟರು. ಸಂಜೆಯಾಗುವುದರೊಳಗೆ ಮನೆ ಸೇರಿದೆವು.

ಇಂದು ಕಾರಿನಲ್ಲಿ ಹಾಜರಿದ್ದವರು: ಚಿಕ್ಕಮಾದಯ್ಯ, ಶಂಕರ್, ಕುಳ್ಳಮ್ಮ, ರಂಜಿತ, ದ್ಯಾವಮ್ಮ, ಮಧು, ಸಹನ.